2024ರ ಹೊಸ ಡಿ ಅಂಡ್ ಡಿ ನಿಯಮ: ನಮ್ಮ ಕನ್ನಡ ಟೇಬಲ್ ಬದಲಾಗಬೇಕಾ?

ವಿದ್ಯಾನಗರ ಡಿಎಂ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಅಂದರೆ ಡೈಸ್ ಉರುಳಿಸುತ್ತ, ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ; ಕಥೆ ನಡೆಸುವವನು ಡಂಜನ್ ಮಾಸ್ಟರ್, ಅಂದರೆ ಡಿಎಂ. ಅದರ 2024ರ ನಿಯಮಗಳಿಗೆ ಹೋಗಬೇಕೋ, 2014ರ ನಿಯಮಗಳಲ್ಲೇ ಉಳಿಯಬೇಕೋ ಅಂತ ನಮ್ಮ ಗುಂಪಿನಲ್ಲಿ ಜೋರು ಚರ್ಚೆ ನಡೆದಿದೆ. ಈ ಕಡೆಯವರು ಯಾರಾದರೂ ಹೊಸದನ್ನು ಆಡಿದ್ದರೆ ಹೇಳಿ. ವಿಡಿಯೋ ಬೇಕಾದಷ್ಟು ನೋಡಿದ್ದೇವೆ. ಆದರೆ ಆ ಟೇಬಲ್‌ಗಳಿಗೂ (ಆಡುವ ಗುಂಪುಗಳಿಗೂ) ನಮ್ಮ ಟೇಬಲ್‌ಗೂ ಬಹಳ ವ್ಯತ್ಯಾಸವಿದೆ.

ನನ್ನದು ವಿದ್ಯಾನಗರದಲ್ಲಿ ಝೆರಾಕ್ಸ್ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಹಿಂದಿನ ಕೋಣೆಯಲ್ಲಿ ಆಡುತ್ತೇವೆ. ಲ್ಯಾಮಿನೇಷನ್ ಮಷಿನ್ ಪಕ್ಕಕ್ಕೆ ಸರಿಸಿದರೆ ಎಲ್ಲರಿಗೂ ಜಾಗ ಆಗುತ್ತದೆ. ಇಬ್ಬರು ಇಂಜಿನಿಯರಿಂಗ್ ಹುಡುಗರು ಬರುತ್ತಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವ ಒಬ್ಬರು ಅಣ್ಣ ಇದ್ದಾರೆ. ನನ್ನ ತಂಗಿ ನರ್ಸ್, ಡ್ಯೂಟಿ ಇಲ್ಲದ ವಾರ ಬರುತ್ತಾಳೆ. ಧಾರವಾಡದಿಂದ ಎಂಎ ಓದುವ ಹುಡುಗಿಯೊಬ್ಬಳು ಚಿಗರಿ ಬಸ್ ಹತ್ತಿ ಬರುತ್ತಾಳೆ. ಆಟ ಪೂರ್ತಿ ಕನ್ನಡದಲ್ಲಿ. ಸ್ಪೆಲ್ (ಮಂತ್ರ) ಹೆಸರು, ಡೈಸ್ ಹೆಸರು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮಾತೇ.

ಕಥೆಯೂ ಇಲ್ಲಿಯದೇ. ಲಕ್ಕುಂಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂದು ಊರು ಕಟ್ಟಿದ್ದೇನೆ. ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತಲ್ಲ, ಹಾಗಾಗಿ ನಮ್ಮ ಆಟದಲ್ಲಿ ದುಡ್ಡು ಅಂದರೆ ಲೊಕ್ಕಿ ಗದ್ಯಾಣ. ಅಲ್ಲಿನ ಮುಸುಕಿನ ಬಾವಿಯಂಥ ಒಂದು ಮೆಟ್ಟಿಲು ಬಾವಿ, ಅದರ ಅಡಿಯಲ್ಲಿ ನಾನು ಮಾಡಿದ ಡಂಜನ್ (ಅಪಾಯ ತುಂಬಿದ ನೆಲಮಾಳಿಗೆ). ಈಗ ಎಲ್ಲರೂ ನಾಲ್ಕನೇ ಲೆವೆಲ್‌ನಲ್ಲಿ ಇದ್ದಾರೆ.

ಹೊಸದರ ಮೇಲೆ ನನಗೆ ದೊಡ್ಡ ಆಸೆ ಇರುವುದು ಫೈಟರ್, ಅಂದರೆ ಆಯುಧ ಹಿಡಿದ ಯೋಧನ ಪಾತ್ರದ ಬಗ್ಗೆ. ಫಿಟ್ಟರ್ ಅಣ್ಣ ಫೈಟರ್ ಆಡುತ್ತಾರೆ. ವಿಝರ್ಡ್ (ಮಂತ್ರವಾದಿ) ಆಡುವ ಹುಡುಗ ತನ್ನ ಸರದಿ ಬಂದಾಗ ಹತ್ತು ದಾರಿ ಯೋಚಿಸುತ್ತಾನೆ. ಅಣ್ಣನ ಸರದಿ ಬಂದರೆ ಒಂದೇ ಮಾತು: "ಸುತ್ತಿಗೆಯಿಂದ ಹೊಡೆಯುತ್ತೇನೆ." ದಿನವಿಡೀ ವರ್ಕ್‌ಶಾಪಿನಲ್ಲಿ ಯಾವ ನಟ್ಟು, ಯಾವ ಬೋಲ್ಟು, ಎಲ್ಲಿ ಎಷ್ಟು ಬಿಗಿ ಅಂತ ಲೆಕ್ಕ ಹಾಕುವ ಮನುಷ್ಯ ಅವರು. ಅಂಥವರಿಗೆ ಆಟದಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಅಂದರೆ ನನಗೆ ಬೇಸರವಾಗುತ್ತದೆ. ಹೊಸ ನಿಯಮದಲ್ಲಿ ಒಂದೊಂದು ಆಯುಧಕ್ಕೂ ಒಂದು ಮಾಸ್ಟರಿ, ಅಂದರೆ ಏಟಿನ ಜೊತೆ ಬರುವ ವಿಶೇಷ ಪರಿಣಾಮ ಇದೆ. ವಾರ್‌ಹ್ಯಾಮರ್‌ಗೆ ಪುಶ್ ಬಂದಿದೆ. ಏಟು ಬಿದ್ದರೆ ಎದುರಿನವನನ್ನು 10 ಅಡಿ ಹಿಂದಕ್ಕೆ ತಳ್ಳಬಹುದು. ನಮ್ಮ ಡಂಜನ್ನೇ ಮೆಟ್ಟಿಲು ಬಾವಿ. ಅಲ್ಲಿ 10 ಅಡಿ ಅಂದರೆ ಏನೆಲ್ಲ ಆಗಬಹುದು ನೋಡಿ!

ಅನುಮಾನಗಳೂ ಇವೆ. ನಮ್ಮದು ನಿಧಾನದ ಟೇಬಲ್. ಪ್ರತಿ ಏಟಿಗೂ ಇನ್ನೊಂದು ಪರಿಣಾಮ ಸೇರಿದರೆ ಒಂದು ಸುತ್ತು ಮುಗಿಯಲು ಎಷ್ಟು ಹೊತ್ತು ಬೇಕು? ಇನ್ನೊಂದು, ಪುಸ್ತಕ. ಪ್ಲೇಯರ್ಸ್ ಹ್ಯಾಂಡ್‌ಬುಕ್ 384 ಪುಟ. ಡಂಜನ್ ಮಾಸ್ಟರ್ಸ್ ಗೈಡ್, ಮಾನ್‌ಸ್ಟರ್ ಮ್ಯಾನ್ಯುಯಲ್ ಬೇರೆ. ಬಿಡುಗಡೆಯಾದಾಗ ಅಮೆರಿಕದಲ್ಲೇ ಒಂದೊಂದಕ್ಕೆ ಸುಮಾರು 50 ಡಾಲರ್ ಇತ್ತು. 2014ರ ಮೂರೂ ನನ್ನ ಹತ್ತಿರ ಇವೆ, ಬೈಂಡಿಂಗ್ ಕೂಡ ನಾನೇ ಮತ್ತೆ ಹಾಕಿಸಿದ್ದೇನೆ. ಹೊಸದನ್ನು ಪೂರ್ತಿ ಝೆರಾಕ್ಸ್ ಮಾಡಿಕೊಡಿ ಅಂತ ಹುಡುಗರು ಕೇಳುತ್ತಾರೆ. ಅದನ್ನು ನಾನು ಮಾಡುವುದಿಲ್ಲ. ಯಾರೋ ವರ್ಷಗಟ್ಟಲೆ ಕೂತು ಬರೆದ ಕೆಲಸ ಅದು. ಆದರೆ ಪುಸ್ತಕ ಇಲ್ಲದೆ ಹುಡುಗರು ಕಲಿಯುವುದು ಹೇಗೆ, ಅದಕ್ಕೂ ಉತ್ತರ ಬೇಕು ಅಲ್ವಾ?

ಬದಲಾಗುವುದಾದರೆ ಈ ಕಥೆಯ ನಡುವೆಯೇ ಬದಲಾಗಬೇಕಾ, ಮುಗಿಸಿ ಬದಲಾಗಬೇಕಾ? ತಿಳಿದವರು ಹೇಳಿ.


ಸಪ್ತಾಪುರ ರೋಗ್, ಧಾರವಾಡ

ಅಣ್ಣಾ, ನಾವು ಹ್ಯಾಂಡ್‌ಬುಕ್ ಬಂದಾಗಿನಿಂದ ಹೊಸದನ್ನೇ ಆಡುತ್ತಿದ್ದೇವೆ. ಅದು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಗೈಡ್ ನವೆಂಬರ್‌ನಲ್ಲಿ ಬಂತು, ಮಾನ್‌ಸ್ಟರ್ ಮ್ಯಾನ್ಯುಯಲ್ 2025ರ ಫೆಬ್ರುವರಿಯಲ್ಲಿ. ಮೊದಲ ಕೆಲವು ತಿಂಗಳು ಹೊಸ ಕ್ಯಾರೆಕ್ಟರ್, ಹಳೆ ಮಾನ್‌ಸ್ಟರ್ ಹಾಕಿ ಆಡಿದೆವು. ತೊಂದರೆ ಆಗಲಿಲ್ಲ, ಮಾನ್‌ಸ್ಟರ್‌ಗಳು ಬೇಗ ಸೋಲುತ್ತಿದ್ದವು ಅಷ್ಟೇ.

ನಿಧಾನ ಆಗುತ್ತದಾ ಅಂದರೆ, ಅದು ಯಾವ ಮಾಸ್ಟರಿ ಅನ್ನುವುದರ ಮೇಲೆ ಇದೆ. ನಿಮ್ಮ ಫೈಟರ್ ಅಣ್ಣನಿಗೆ ಪುಶ್ ಕಣ್ಣುಮುಚ್ಚಿ ಕೊಡಿ. ಅದಕ್ಕೆ ಸೇವ್ (ಪರಿಣಾಮದಿಂದ ಎದುರಿನವನು ತಪ್ಪಿಸಿಕೊಂಡನಾ ಅಂತ ಉರುಳಿಸುವ ಡೈಸ್) ಇಲ್ಲ, ಬೇರೆ ಡೈಸ್ ಇಲ್ಲ. ಎದುರಿನವನು ಲಾರ್ಜ್ ಅಥವಾ ಅದಕ್ಕಿಂತ ಸಣ್ಣ ಗಾತ್ರದವನಾದರೆ ಸಾಕು, ತಳ್ಳಿ ಮುಗಿಸಬಹುದು. ಗ್ರೇಟ್‌ಸೋರ್ಡ್‌ನ ಗ್ರೇಝ್ ಕೂಡ ಹಾಗೆಯೇ. ಏಟು ತಪ್ಪಿದರೂ ಸ್ವಲ್ಪ ಡ್ಯಾಮೇಜ್ ಆಗುತ್ತದೆ, ಒಂದು ಕೂಡಿಸುವ ಲೆಕ್ಕ ಅಷ್ಟೇ. ತಲೆನೋವು ಅಂದರೆ ಎದುರಿನವನನ್ನು ನೆಲಕ್ಕೆ ಕೆಡವುವ ಟಾಪಲ್. ಬ್ಯಾಟಲ್‌ಆಕ್ಸ್, ಕ್ವಾರ್ಟರ್‌ಸ್ಟಾಫ್, ಮಾಲ್ ಇವುಗಳಿಗೆ ಇದೆ. ಪ್ರತಿ ಏಟಿಗೂ ಡಿಎಂ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಸೇವ್ ಉರುಳಿಸಬೇಕು. ಐದನೇ ಲೆವೆಲ್‌ನಲ್ಲಿ ಫೈಟರ್‌ಗೆ ಎರಡು ಏಟು. ಅದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯಲು ಬಿಡುವ ಆಕ್ಷನ್ ಸರ್ಜ್ ಹಾಕಿದರೆ ನಾಲ್ಕು. ನಾಲ್ಕು ಸಲ ಸೇವ್ ನೋಡಿ, ಬಿದ್ದನಾ ಎದ್ದನಾ ನೆನಪಿಟ್ಟುಕೊಳ್ಳುವಷ್ಟರಲ್ಲಿ ಉಳಿದವರು ಚಹಾಕ್ಕೆ ಎದ್ದು ಹೋಗಿರುತ್ತಾರೆ. ನಮ್ಮ ಟೇಬಲ್‌ನಲ್ಲಿ ಟಾಪಲ್ ಒಂದು ಸರದಿಗೆ ಒಂದೇ ಸಲ ಅಂತ ಮಾಡಿಕೊಂಡಿದ್ದೇವೆ.

ಫೈಟರ್‌ಗೆ ಕಾಳಗದ ಹೊರಗೂ ಕೆಲಸ ಸಿಕ್ಕಿದೆ. ಎರಡನೇ ಲೆವೆಲ್‌ಗೆ ಟ್ಯಾಕ್ಟಿಕಲ್ ಮೈಂಡ್ ಬರುತ್ತದೆ. ಬೀಗ ತೆಗೆಯುವುದು, ಗೋಡೆ ಹತ್ತುವುದು, ಯಾರನ್ನೋ ಒಪ್ಪಿಸುವುದು, ಯಾವುದೇ ಚೆಕ್ (ಕೆಲಸ ಆಯಿತಾ ಅಂತ ಡೈಸ್ ಉರುಳಿಸಿ ನೋಡುವುದು) ಸೋತರೂ ಒಂದು ಸೆಕೆಂಡ್ ವಿಂಡ್ (ಫೈಟರ್ ಚೇತರಿಸಿಕೊಳ್ಳುವ, ಎಣಿಕೆಯಷ್ಟೇ ಸಿಗುವ ಶಕ್ತಿ) ಕೊಟ್ಟು ಡಿ10, ಅಂದರೆ ಹತ್ತು ಮುಖದ ಡೈಸ್ ಸೇರಿಸಿಕೊಳ್ಳಬಹುದು. ಆಗಲೂ ಸೋತರೆ ಆ ಸೆಕೆಂಡ್ ವಿಂಡ್ ಖರ್ಚಾಗುವುದಿಲ್ಲ. ನಿಮ್ಮ ಫಿಟ್ಟರ್ ಅಣ್ಣನಿಗೆ ಇದು ಮಾಸ್ಟರಿಗಿಂತ ಜಾಸ್ತಿ ಇಷ್ಟವಾಗಬಹುದು.

ತಂಗಿ ಕ್ಲೆರಿಕ್ (ದೈವಶಕ್ತಿಯಿಂದ ಗುಣಪಡಿಸುವ ಪಾತ್ರ) ಆಡುತ್ತಿದ್ದರೆ ಅವರಿಗೂ ಖುಷಿ. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಒಂದು ಡಿ8 ಇದ್ದದ್ದು ಈಗ ಎರಡು ಡಿ8. ಹೀಲಿಂಗ್ ವರ್ಡ್ ಎರಡು ಡಿ4. ಪೋಶನ್ ಕುಡಿಯುವುದು ಬೋನಸ್ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ ಜೊತೆ ಮಾಡಬಹುದಾದ ಒಂದು ಸಣ್ಣ ಕೆಲಸ.

ಒಂದು ಎಚ್ಚರಿಕೆ ಕೊಡುತ್ತೇನೆ. ಹೊಸ ಪುಸ್ತಕದ ತೋಳ ಕಚ್ಚಿದರೆ ಮನುಷ್ಯ ಗಾತ್ರದವನು ಸೀದಾ ನೆಲಕ್ಕೆ. ಮೊದಲು ಸ್ಟ್ರೆಂತ್ ಸೇವ್ ಇತ್ತು, ಈಗ ಇಲ್ಲ. ಆಟ ಬೇಗ ಓಡುತ್ತದೆ ನಿಜ. ಆದರೆ ಒಂದನೇ ಲೆವೆಲ್‌ನವರ ಮೇಲೆ ತೋಳಗಳ ಗುಂಪು ಬಿಡುವಾಗ ಕೈ ಬಿಗಿ ಹಿಡಿಯಿರಿ.


ಗದಗ ಬಾರ್ಡ್, ಗದಗ

ನಾನು ಹೈಸ್ಕೂಲ್ ಟೀಚರ್. ರಜೆಯಲ್ಲಿ ಮಕ್ಕಳಿಗೆ ಆಡಿಸುತ್ತೇನೆ. ಲಕ್ಕುಂಡಿ ನಮಗೆ ಪಕ್ಕದಲ್ಲೇ ಇದೆ, ಹಾಗಾಗಿ ನಿಮ್ಮ ಬಾವಿಯ ಡಂಜನ್ ಓದಿ ಬಹಳ ಸಂತೋಷವಾಯಿತು. ನಮ್ಮ ಮಕ್ಕಳು ಕಪ್ಪತಗುಡ್ಡದಲ್ಲಿ ಗಿಡಮೂಲಿಕೆ ಹುಡುಕುವ ಕಥೆ ಆಡಿದರು.

ನನ್ನ ಅನುಮಾನ ಬೇರೆ ಕಡೆ ಇದೆ. ಬ್ಯಾಕ್‌ಗ್ರೌಂಡ್, ಅಂದರೆ ಪಾತ್ರ ಸಾಹಸಕ್ಕೆ ಇಳಿಯುವ ಮೊದಲಿನ ಬದುಕು. ಮೊದಲು ಎಬಿಲಿಟಿ ಅಂಕಗಳ (ಬಲ, ಚುರುಕು, ಬುದ್ಧಿ ಇತ್ಯಾದಿ) ಹೆಚ್ಚಳ ಕುಲದಿಂದ ಬರುತ್ತಿತ್ತು. ಎಲ್ಫ್ ಆದರೆ ಡೆಕ್ಸ್‌ಟೆರಿಟಿ, ಡ್ವಾರ್ಫ್ ಆದರೆ ಕಾನ್‌ಸ್ಟಿಟ್ಯೂಷನ್. ಹುಟ್ಟಿನಿಂದಲೇ ಇವನು ಇಂಥವನು ಅಂತ ಮಕ್ಕಳಿಗೆ ಹೇಳುವುದು ನನಗೆ ಹಿಡಿಸುತ್ತಿರಲಿಲ್ಲ. ಹೊಸದರಲ್ಲಿ ಅದನ್ನು ತೆಗೆದು ಬ್ಯಾಕ್‌ಗ್ರೌಂಡ್‌ಗೆ ಕೊಟ್ಟರು ಅಂತ ಕೇಳಿ ಖುಷಿಪಟ್ಟೆ. ನೀನು ಏನು ಕೆಲಸ ಮಾಡಿ ಬೆಳೆದೆ ಅನ್ನುವುದು ಮುಖ್ಯವಾಗಲಿ ಅಂತ.

ಆದರೆ ನೋಡಿ. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮನೆಯಲ್ಲಿ ಹೊಲ, ಮೆಣಸಿನಕಾಯಿ, ಗೋವಿನಜೋಳ. ಅವಳು ರೈತನ ಮಗಳು ವಿಝರ್ಡ್ ಆಗುವ ಕಥೆ ಬರೆದುಕೊಂಡು ಬಂದಳು. ಎಷ್ಟು ಚೆಂದದ ಕಥೆ! ಪುಸ್ತಕದಲ್ಲಿ ಫಾರ್ಮರ್ ಬ್ಯಾಕ್‌ಗ್ರೌಂಡ್ ಹೆಚ್ಚಿಸುವುದು ಸ್ಟ್ರೆಂತ್, ಕಾನ್‌ಸ್ಟಿಟ್ಯೂಷನ್, ವಿಸ್‌ಡಮ್ ಮಾತ್ರ. ಇಂಟೆಲಿಜೆನ್ಸ್ ಇಲ್ಲ. ವಿಝರ್ಡ್‌ಗೆ ಬೇಕಾದದ್ದು ಅದೇ. ಪಕ್ಕದಲ್ಲಿ ಕೂತ ಹುಡುಗ ಸೇಜ್ (ಪಂಡಿತ) ತೆಗೆದುಕೊಂಡ, ಅವನಿಗೆ ಇಂಟೆಲಿಜೆನ್ಸ್ ಹೆಚ್ಚಾಯಿತು, ಒಂದು ಮಂತ್ರದ ಫೀಟ್ (ವಿಶೇಷ ಸಾಮರ್ಥ್ಯ) ಕೂಡ ಸಿಕ್ಕಿತು. ಹೊಲದಲ್ಲಿ ಬೆಳೆದ ಮಗುವಿನ ಬುದ್ಧಿ ಹೆಚ್ಚುವುದಿಲ್ಲ ಅಂತ ನಿಯಮ ಹೇಳಿದಂತೆ ಆಯಿತು. ಮಕ್ಕಳು ಇಂಥದ್ದನ್ನು ಬೇಗ ಗಮನಿಸುತ್ತಾರೆ. ಅವಳು ಗಮನಿಸಿದಳು.

ದಾರಿ ಇದೆ. ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಹೊಸ ಬ್ಯಾಕ್‌ಗ್ರೌಂಡ್ ಕಟ್ಟುವುದು ಹೇಗೆ ಅಂತ ಕೊಟ್ಟಿದ್ದಾರೆ. ಮೂರು ಎಬಿಲಿಟಿ, ಒಂದು ಫೀಟ್, ಎರಡು ಸ್ಕಿಲ್, ಒಂದು ಟೂಲ್, ಸ್ವಲ್ಪ ಸಾಮಾನು. ಅವಳಿಗಾಗಿ ಒಂದನ್ನು ಕಟ್ಟಿದೆವು. ಮಳೆ, ಮಣ್ಣು, ಬೀಜದ ಲೆಕ್ಕ ಬಲ್ಲವಳು, ಹಾಗಾಗಿ ಇಂಟೆಲಿಜೆನ್ಸ್ ಇದೆ. ಆಟ ಮುಂದೆ ಹೋಯಿತು. ಆದರೂ ಇದು ಡಿಎಂ ಪುಸ್ತಕದಲ್ಲಿ ಏಕೆ ಇರಬೇಕು? ಮಕ್ಕಳ ಕೈಗೆ ಬರುವುದು ಪ್ಲೇಯರ್ ಪುಸ್ತಕ. ಅಲ್ಲಿರುವ 16 ಬ್ಯಾಕ್‌ಗ್ರೌಂಡ್‌ಗಳಷ್ಟೇ ಇರುವುದು ಅಂತ ಅವರು ತಿಳಿಯುತ್ತಾರೆ. ಹಾಫ್ ಎಲ್ಫ್, ಹಾಫ್ ಆರ್ಕ್ ಕೂಡ ಹೊಸ ಪುಸ್ತಕದಲ್ಲಿ ಇಲ್ಲ. ಹಳೆಯದರಿಂದ ತಂದು ಆಡಬಹುದು. ಎರಡು ಮನೆಯ ಮಗು ಅನ್ನುವ ಕಥೆ ಮಕ್ಕಳಿಗೆ ಬಹಳ ಇಷ್ಟ, ಅದನ್ನು ಬಿಟ್ಟದ್ದು ನನಗೆ ನೋವು.


ಹಾವೇರಿ ಪ್ಯಾಲಡಿನ್, ಹಾವೇರಿ

ನಾನು ನಾಲ್ಕನೇ ಎಡಿಷನ್‌ನಲ್ಲಿ ಆಟ ಕಲಿತವನು. 2008ರಲ್ಲಿ ಬಂದದ್ದು ಅದು. ಆಗ ಫೈಟರ್ ತಳ್ಳುತ್ತಿದ್ದ, ಎಳೆಯುತ್ತಿದ್ದ, ಶತ್ರುವನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದ. ಎಷ್ಟೋ ಜನ ಆ ಎಡಿಷನ್ ಬೈದರು. 2014ರಲ್ಲಿ ಅದನ್ನೆಲ್ಲ ತೆಗೆದು ಸರಳ ಮಾಡಿದರು. ಈಗ ಮಾಸ್ಟರಿ ಅಂತ ಅದರ ಒಂದು ಪಾಲು ವಾಪಸ್ ಬಂದಿದೆ. ನನಗೆ ನಿಜವಾಗಿಯೂ ಸಂತೋಷ.

ನನ್ನ ದೂರು ಪ್ಯಾಲಡಿನ್, ಅಂದರೆ ದೈವಶಕ್ತಿಯ ಯೋಧನ ಬಗ್ಗೆ. ಮೊದಲು ಏಟು ಬಿದ್ದಮೇಲೆ ಸ್ಮೈಟ್ (ಏಟಿಗೆ ಸೇರುವ ಹೆಚ್ಚುವರಿ ದೈವಿಕ ಡ್ಯಾಮೇಜ್) ಹಾಕಬೇಕಾ ಅಂತ ನಿರ್ಧರಿಸುತ್ತಿದ್ದೆವು. ಎರಡು ಏಟು ಬಿದ್ದರೆ ಎರಡಕ್ಕೂ ಹಾಕಬಹುದಿತ್ತು. ಈಗ ಡಿವೈನ್ ಸ್ಮೈಟ್ ಒಂದು ಸ್ಪೆಲ್, ಅದೂ ಬೋನಸ್ ಆಕ್ಷನ್. ಸರದಿಗೆ ಒಂದೇ ಸಲ. ಸ್ಪೆಲ್ ಆದ್ದರಿಂದ ಎದುರಿನ ಮಂತ್ರವಾದಿ ಕೌಂಟರ್‌ಸ್ಪೆಲ್ ಹಾಕಿ ತಡೆಯಲೂಬಹುದು. ಮುಟ್ಟಿ ಗುಣಪಡಿಸುವ ಲೇ ಆನ್ ಹ್ಯಾಂಡ್ಸ್ ಕೂಡ ಈಗ ಬೋನಸ್ ಆಕ್ಷನ್ನೇ. ಗೆಳೆಯ ಬಿದ್ದಿದ್ದಾನೆ, ಎದುರಿಗೆ ಶತ್ರು ನಿಂತಿದ್ದಾನೆ. ಗೆಳೆಯನನ್ನು ಎಬ್ಬಿಸಬೇಕಾ, ಸ್ಮೈಟ್ ಹಾಕಬೇಕಾ? ಎರಡೂ ಆಗುವುದಿಲ್ಲ.

ಇನ್ನು ಪುಸ್ತಕದ ಮಾತು. ಡಿಎಂ ಅಣ್ಣಾ, ನೀವು ಝೆರಾಕ್ಸ್ ಮಾಡುವುದಿಲ್ಲ ಅಂದಿರಿ, ಸರಿ. ಆದರೆ ಡಿ ಅಂಡ್ ಡಿ ಹೊರತರುವ ಈ ಕಂಪನಿಯನ್ನು ನಂಬಿ ದುಡ್ಡು ಹಾಕುವುದು ಹೇಗೆ? 2023ರ ಜನವರಿಯಲ್ಲಿ ಏನಾಯಿತು ಎಲ್ಲರಿಗೂ ನೆನಪಿದೆ. 2000ನೇ ಇಸವಿಯಿಂದ ಇದ್ದ ಓಪನ್ ಲೈಸೆನ್ಸ್ (ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಕೊಟ್ಟ ಅನುಮತಿ) ಬದಲಿಸಲು ಹೊರಟರು. ಜನ ಸಿಟ್ಟಾದ ಮೇಲೆ ಹಿಂದೆ ಸರಿದರು. 2024ರ ಆಗಸ್ಟ್‌ನಲ್ಲಿ ಕಂಪನಿಯ ಆನ್‌ಲೈನ್ ತಾಣ ಡಿ ಅಂಡ್ ಡಿ ಬಿಯಾಂಡ್‌ನ ಕ್ಯಾರೆಕ್ಟರ್ ಶೀಟ್‌ಗಳಲ್ಲಿ (ಪಾತ್ರದ ವಿವರದ ಹಾಳೆಗಳಲ್ಲಿ) ಹಳೆಯ ಸ್ಪೆಲ್‌ಗಳ ಜಾಗಕ್ಕೆ ಹೊಸವನ್ನು ಹಾಕುತ್ತೇವೆ ಅಂದರು. ಮತ್ತೆ ಗಲಾಟೆ, ಮತ್ತೆ ಹಿಂದೆ ಸರಿದರು. ಕಾಗದದ ಪುಸ್ತಕವನ್ನು ಯಾರೂ ರಾತ್ರೋರಾತ್ರಿ ಬಂದು ತಿದ್ದುವುದಿಲ್ಲ. ನಾನು ಡಿಜಿಟಲ್ ತೆಗೆದುಕೊಳ್ಳುವುದಿಲ್ಲ.


ಲೈನ್ ಬಜಾರ್ ಲೆವೆಲ್ ಒನ್, ಧಾರವಾಡ

ನಾನು ಹೊಸಬ. ಆಡಲು ಶುರು ಮಾಡಿದ್ದೇ 2024ರ ನಿಯಮದಲ್ಲಿ, ಹಳೆಯದು ಗೊತ್ತೇ ಇಲ್ಲ. ನನಗೆ ಮಾಸ್ಟರಿ ಕಷ್ಟ ಅನಿಸಲಿಲ್ಲ. ಶಾರ್ಟ್‌ಬೋ ಹಿಡಿದಿದ್ದೇನೆ, ವೆಕ್ಸ್ ಇದೆ. ಏಟು ಬಿದ್ದರೆ ಅದೇ ಶತ್ರುವಿನ ಮೇಲಿನ ಮುಂದಿನ ಏಟಿಗೆ ಅಡ್ವಾಂಟೇಜ್ (ಡೈಸ್ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು). ಅಷ್ಟೇ ನೆನಪಿಟ್ಟುಕೊಂಡೆ. ಕಷ್ಟವಾದದ್ದು ಇಂಗ್ಲಿಷ್. ಎಂಟನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಒಂದು ಸ್ಪೆಲ್ ಓದಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ನನ್ನ ಸರದಿ ಮುಗಿದಿರುತ್ತದೆ. ಕನ್ನಡದಲ್ಲಿ ಯಾರಾದರೂ ಶೀಟ್ ಮಾಡಿದ್ದೀರಾ? ಮಾಡಿದರೆ ಕಾನೂನಿನ ತೊಂದರೆ ಇದೆಯಾ?


ವಿದ್ಯಾನಗರ ಡಿಎಂ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಲೆವೆಲ್ ಒನ್ ತಮ್ಮಾ, ನಿನ್ನ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹಾವೇರಿ ಅಣ್ಣ ಹೇಳಿದ ಜಗಳದಿಂದಲೇ ನಮಗೆ ಒಂದು ಒಳ್ಳೆಯದು ಸಿಕ್ಕಿದೆ. 2023ರ ಜನವರಿ ಕೊನೆಯಲ್ಲಿ ಕಂಪನಿ ಹಿಂದೆ ಸರಿದಾಗ ಐದನೇ ಎಡಿಷನ್‌ನ (2014ರದ್ದು) ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿತು. ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮದ ದಾಖಲೆಯೂ ಅದೇ ಲೈಸೆನ್ಸ್‌ನಲ್ಲಿ ಬಂತು. ಎಸ್‌ಆರ್‌ಡಿ 5.2 ಅಂತ ಅದರ ಹೆಸರು. ಯಾರದು ಅಂತ ಹೆಸರು ಹಾಕಿದರೆ ಸಾಕು. ನಕಲು ಮಾಡಬಹುದು, ಬದಲಿಸಬಹುದು, ಕನ್ನಡಕ್ಕೆ ತರಬಹುದು, ಬೇಕಾದರೆ ಮಾರಬಹುದು.

ಎರಡು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಅದನ್ನು ಓದಿದೆ. 12 ಕ್ಲಾಸ್‌ಗಳೂ (ಫೈಟರ್, ಕ್ಲೆರಿಕ್ ಥರದ ಪಾತ್ರದ ಬಗೆಗಳು) 20ನೇ ಲೆವೆಲ್‌ವರೆಗೆ ಇವೆ. ಪ್ರತಿಯೊಂದಕ್ಕೂ ಒಂದೇ ಸಬ್‌ಕ್ಲಾಸ್, ಅಂದರೆ ಒಳಬಗೆ. ಫೈಟರ್‌ಗೆ ಚಾಂಪಿಯನ್, ಕ್ಲೆರಿಕ್‌ಗೆ ಲೈಫ್, ರೋಗ್‌ಗೆ ಥೀಫ್. ಆಯುಧದ ಮಾಸ್ಟರಿ ಪೂರ್ತಿ ಇದೆ, ಅದು ಇದ್ದದ್ದು ನನಗೆ ಬಹಳ ಸಮಾಧಾನ. ಬ್ಯಾಕ್‌ಗ್ರೌಂಡ್ ಮಾತ್ರ ನಾಲ್ಕೇ: ಅಕೊಲೈಟ್, ಕ್ರಿಮಿನಲ್, ಸೇಜ್, ಸೋಲ್ಜರ್. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ಕಂಪನಿಯ ಸ್ವಂತ ಮಾನ್‌ಸ್ಟರ್‌ಗಳು ಇಲ್ಲ. ನನ್ನ ಬಾವಿಗೆ ಅವು ಬೇಕಾಗಿಯೂ ಇಲ್ಲ.

ಅಂದರೆ ನಮ್ಮ ಹುಡುಗರಿಗೆ ಕೊಡಲು ನನ್ನ ಮಷಿನ್‌ನಲ್ಲೇ ತೆಗೆಯಬಹುದಾದ, ಯಾರ ಹಕ್ಕಿಗೂ ಕೈ ಹಾಕದ ಪುಸ್ತಕ ಇದೆ. ಇಷ್ಟು ದಿನ ಮನಸ್ಸಿಗೆ ಕಿರಿಕಿರಿ ಮಾಡುತ್ತಿದ್ದ ಪ್ರಶ್ನೆ ಇದೇ. ಮೂರು ದೊಡ್ಡ ಪುಸ್ತಕ ಗುಂಪಿಗೆ ಒಂದು ಸೆಟ್ ಸಾಕು, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ನಿಧಾನಕ್ಕೆ ತಂದರಾಯಿತು.

ಗದಗ ಟೀಚರ್, ನಿಮ್ಮ ಹುಡುಗಿಯ ಮಾತು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ದಾಖಲೆಯಲ್ಲಿ ಬ್ಯಾಕ್‌ಗ್ರೌಂಡ್ ಕಡಿಮೆ ಇರುವುದೇ ನಮಗೆ ಅವಕಾಶ. ನಮ್ಮ ಕಡೆಯ ಬ್ಯಾಕ್‌ಗ್ರೌಂಡ್‌ಗಳನ್ನು ನಾವೇ ಕಟ್ಟೋಣ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದವನು, ನೇಕಾರ, ದೇವಸ್ಥಾನದ ಶಿಲ್ಪಿ, ಎಪಿಎಂಸಿಯಲ್ಲಿ ಮೆಣಸಿನಕಾಯಿ ತೂಗಿದವನು, ದೊಡ್ಡಾಟದ ಕಲಾವಿದ. ಪ್ರತಿಯೊಂದರಲ್ಲೂ ಇಂಟೆಲಿಜೆನ್ಸ್‌ಗೆ ಜಾಗ ಇರುವಂತೆ ನೋಡಿಕೊಳ್ಳೋಣ. ನಿಮ್ಮ ರೈತನ ಮಗಳದ್ದೇ ಮೊದಲನೆಯದು ಆಗಲಿ.

ಹಾವೇರಿ ಅಣ್ಣಾ, ಸ್ಮೈಟ್ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಹಳೆಯದರಲ್ಲಿ ಡಿಎಂ ಆಗಿ ನಾನು ವಾರಗಟ್ಟಲೆ ಕಟ್ಟಿದ ದೊಡ್ಡ ಶತ್ರು ಪ್ಯಾಲಡಿನ್‌ನ ಒಂದೇ ಸರದಿಗೆ ಬೀಳುತ್ತಿದ್ದ. ಉಳಿದವರು ಡೈಸ್ ಕೈಯಲ್ಲಿ ಹಿಡಿದು ಸುಮ್ನೆ ನೋಡುತ್ತಿದ್ದರು. ಸರದಿಗೆ ಒಂದು ಅನ್ನುವುದು ನ್ಯಾಯ. ಆದರೆ ಸ್ಮೈಟ್ ಲೇ ಆನ್ ಹ್ಯಾಂಡ್ಸ್ ಜೊತೆ ಒಂದೇ ಬೋನಸ್ ಆಕ್ಷನ್‌ಗೆ ಗುದ್ದಾಡುವುದು ತಪ್ಪು, ಅದನ್ನು ಒಪ್ಪುತ್ತೇನೆ.

ನಿರ್ಧಾರ ಹೀಗಿದೆ. ಬಾವಿಯ ಕಥೆಯನ್ನು ಹಳೆ ನಿಯಮದಲ್ಲೇ ಮುಗಿಸುತ್ತೇವೆ. ತಂಗಿಯ ಕ್ಲೆರಿಕ್‌ಗೆ ಒಂದನೇ ಲೆವೆಲ್‌ನಿಂದ ಲೈಫ್ ಡೊಮೇನ್ ಅನ್ನುವ ಸಬ್‌ಕ್ಲಾಸ್ ಇದೆ. ಹೊಸದರಲ್ಲಿ ಎಲ್ಲರಿಗೂ ಸಬ್‌ಕ್ಲಾಸ್ ಮೂರಕ್ಕೆ ಬರುತ್ತದೆ. ನಡುವೆ ಬದಲಿಸಿ ಅವಳ ಕಥೆ ಕೆಡಿಸುವುದು ಬೇಡ. ಎರಡು ವಿಷಯ ಮಾತ್ರ ಈಗಲೇ ತರುತ್ತೇವೆ. ಅಣ್ಣನ ಸುತ್ತಿಗೆಗೆ ಪುಶ್, ಮತ್ತು ಹೊಸ ಎಕ್ಸಾಷನ್ (ದಣಿವಿನ ನಿಯಮ). ಹಳೆಯದರಲ್ಲಿ ಆರು ಹಂತಕ್ಕೆ ಆರು ಬೇರೆ ಬೇರೆ ತೊಂದರೆ, ಪ್ರತಿ ಸಲ ಪುಟ ತೆಗೆಯಬೇಕಿತ್ತು. ಈಗ ಹಂತಕ್ಕೆ ಡಿ20ಯಲ್ಲಿ ಎರಡು ಕಡಿಮೆ, ನಡಿಗೆಯಲ್ಲಿ 5 ಅಡಿ ಕಡಿಮೆ, ಆರಕ್ಕೆ ಸಾವು. ನಮ್ಮ ಬೇಸಿಗೆಯ ಬಿಸಿಲಿನ ಪಯಣಕ್ಕೆ ಹೇಳಿ ಮಾಡಿಸಿದಂತಿದೆ.

ಮುಂದಿನ ಕಥೆ ಪೂರ್ತಿ ಹೊಸದರಲ್ಲಿ, ಕನ್ನಡ ಶೀಟ್‌ನಲ್ಲಿ. ಮೊದಲು ಫೈಟರ್, ಕ್ಲೆರಿಕ್, ರೋಗ್, ವಿಝರ್ಡ್ ಈ ನಾಲ್ಕು, ಅದೂ ಮೂರನೇ ಲೆವೆಲ್‌ವರೆಗೆ ಮಾತ್ರ. ಸ್ಪೆಲ್‌ಗಳನ್ನು ಒಂದೊಂದು ಕಾರ್ಡ್ ಮಾಡಿ ಲ್ಯಾಮಿನೇಟ್ ಮಾಡುತ್ತೇನೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ, ನುಡಿ ತಂತ್ರಾಂಶದ ಹಳೆ ಫಾಂಟ್ ಬೇಡ.


ಸಪ್ತಾಪುರ ರೋಗ್, ಧಾರವಾಡ

ರೋಗ್ ನನಗೆ ಬಿಡಿ ಅಣ್ಣಾ. ಮಾಸ್ಟರಿಗಳ ಎಂಟು ಕಾರ್ಡ್ ಈ ವಾರವೇ ಕಳಿಸುತ್ತೇನೆ. ಟಾಪಲ್ ಕಾರ್ಡಿನ ಕೆಳಗೆ ನಮ್ಮ "ಸರದಿಗೆ ಒಂದೇ ಸಲ" ನಿಯಮವನ್ನು ಬೇರೆ ಬಣ್ಣದಲ್ಲಿ ಹಾಕುತ್ತೇನೆ, ಮೂಲ ನಿಯಮ ಯಾವುದು, ನಾವು ಸೇರಿಸಿದ್ದು ಯಾವುದು ಅಂತ ಗೊಂದಲ ಆಗಬಾರದು.


ಗದಗ ಬಾರ್ಡ್, ಗದಗ

ನಮ್ಮ ಹುಡುಗಿಯನ್ನು ಕೇಳಿದೆ. ತನ್ನ ಬ್ಯಾಕ್‌ಗ್ರೌಂಡ್ ತಾನೇ ಬರೆದುಕೊಡುತ್ತೇನೆ ಅಂದಿದ್ದಾಳೆ. ಸ್ಕಿಲ್‌ಗೆ ನೇಚರ್ ಜೊತೆ ಹಿಸ್ಟರಿ ಬೇಕಂತೆ, ಅಜ್ಜಿ ಬರಗಾಲದ ವರ್ಷಗಳನ್ನೆಲ್ಲ ಬಾಯಲ್ಲೇ ಹೇಳುತ್ತಾರೆ ಅಂತ ಕಾರಣ ಕೊಟ್ಟಳು. ಕ್ಲೆರಿಕ್ ಸ್ಪೆಲ್‌ಗಳನ್ನು ನಾನು ಮಾಡುತ್ತೇನೆ.


ಹಾವೇರಿ ಪ್ಯಾಲಡಿನ್, ಹಾವೇರಿ

ನಾಲ್ಕು ಕ್ಲಾಸ್‌ನಲ್ಲಿ ಪ್ಯಾಲಡಿನ್ ಇಲ್ಲ. ಐದನೆಯದಾಗಿ ಸೇರಿಸಿ, ಪೂರ್ತಿ ನಾನೇ ಬರೆಯುತ್ತೇನೆ. ಸ್ಮೈಟ್ ಪುಸ್ತಕದಲ್ಲಿ ಇದ್ದಂತೆಯೇ ಬರೆಯುತ್ತೇನೆ, ನನ್ನ ಟೇಬಲ್‌ನಲ್ಲಿ ಮಾತ್ರ ಲೇ ಆನ್ ಹ್ಯಾಂಡ್ಸ್‌ಗೆ ಬೋನಸ್ ಆಕ್ಷನ್ ಕೇಳುವುದಿಲ್ಲ.